ಕನ್ನಡ ತರಗತಿಗೊಂದು ಆನ್‌ಲೈನ್ ನೋಟೀಸ್ ಬೋರ್ಡ್



ಭಾನುವಾರದ ಕನ್ನಡ ತರಗತಿಗೆ ಬರುವ ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಅರ್ಥವಾಗುತ್ತದೆ. ಅಮ್ಮ ಕನ್ನಡದಲ್ಲಿ ಬೈದರೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ, ಅಷ್ಟೆ! ತರಗತಿ ಇರುವುದು ಒಂದು ಗಂಟೆ. ಹದಿನೈದು ಮಕ್ಕಳಿದ್ದರೆ ಒಬ್ಬೊಬ್ಬರಿಗೆ ಸಿಗುವುದು ನಾಲ್ಕು ನಿಮಿಷ. ಅದರಲ್ಲೂ ಬಾಯಿ ಜೋರಿರುವ ಇಬ್ಬರು ಮೂವರೇ ಮಾತಾಡಿ ಮುಗಿಸುತ್ತಾರೆ, ಮಿಕ್ಕವರು ಸುಮ್ಮನೆ ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಅಂಥ ಮಕ್ಕಳಿಗಾಗಿಯೇ ಆನ್‌ಲೈನ್ ನೋಟೀಸ್ ಬೋರ್ಡ್ ಬಳಸಿ ನೋಡಿ ಎಂದು ಹೇಳಲು ಈ ಲೇಖನ.

ಇದೇನು ಬ್ರಹ್ಮವಿದ್ಯೆಯಲ್ಲ. ಪ್ಯಾಡ್ಲೆಟ್‌ನಂಥ ತಾಣದಲ್ಲಿ (ಹಿಂದೆ ಇದರ ಹೆಸರು ವಾಲ್‌ವಿಶರ್) ಟೀಚರ್ ಒಂದು ಖಾಲಿ ಬೋರ್ಡ್ ತೆರೆದು, ಅದರ ಕೊಂಡಿಯನ್ನು ಮನೆಗಳಿಗೆ ಕಳಿಸುತ್ತಾರೆ. ಮಕ್ಕಳು ಅಲ್ಲಿ ಬರಹ, ಫೋಟೋ, ಇಲ್ಲವೇ ತಮ್ಮ ದನಿಯನ್ನು ಚೀಟಿಯಂತೆ ಅಂಟಿಸಬಹುದು. ಒಬ್ಬರು ಅಂಟಿಸಿದ್ದು ಎಲ್ಲರಿಗೂ ಕಾಣುತ್ತದೆ. ಉಚಿತ ಖಾತೆಯಲ್ಲಿ ಕೆಲವೇ ಬೋರ್ಡ್‌ಗಳು ಸಿಗುತ್ತವೆ, ನಮ್ಮ ತರಗತಿಗೆ ಅಷ್ಟು ಸಾಕು. ಆದರೆ ಇಂಥ ತಾಣಗಳನ್ನು ಪೂರ್ತಿ ನಂಬಿ ಕೂರಬೇಡಿ. ಎಷ್ಟೋ ಶಾಲೆಗಳು ಬಳಸುತ್ತಿದ್ದ ಗೂಗಲ್ ಜಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿಹೋಯಿತು. ಚೆನ್ನಾಗಿ ಬಂದ ಬೋರ್ಡನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಬೋರ್ಡಿಗಿಂತ ಮುಖ್ಯವಾದದ್ದು ಅದರ ಮೇಲೆ ಹಾಕುವ ಪ್ರಶ್ನೆ. "ಐದು ಹಣ್ಣುಗಳ ಹೆಸರು ಬರೆಯಿರಿ" ಎಂದರೆ ಮೊದಲ ಮಗು ಬರೆದದ್ದನ್ನೇ ಉಳಿದವರು ನಕಲು ಮಾಡುತ್ತಾರೆ. ಅದರ ಬದಲು ಕಡಲೆಕಾಯಿಯ ಚಿತ್ರ ಹಾಕಿ, "ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ?" ಎಂದು ಕೇಳಿ. ಮೈಸೂರಿನ ಕಡೆಯವರು ಕಡ್ಲೇಕಾಯಿ ಎಂದರೆ ಧಾರವಾಡದವರು ಶೇಂಗಾ ಎನ್ನುತ್ತಾರೆ, ಮಂಗಳೂರಿನವರು ನೆಲಕಡಲೆ. ಮುಂದಿನ ವಾರ ಈರುಳ್ಳಿ, ಉಳ್ಳಾಗಡ್ಡಿ, ನೀರುಳ್ಳಿ! ಇಲ್ಲಿ ಯಾರ ಉತ್ತರವೂ ತಪ್ಪಲ್ಲ, ಹಾಗಾಗಿ ಹೆದರುವ ಮಗುವೂ ಬರೆಯುತ್ತದೆ. ಗೊತ್ತಿಲ್ಲದಿದ್ದರೆ ಅಜ್ಜಿಗೆ ಫೋನ್ ಮಾಡಲೇಬೇಕು. ಅದೇ ಕೊಂಡಿಯನ್ನು ಊರಿನಲ್ಲಿರುವ ಅಜ್ಜಿಗೂ ಕಳಿಸಿದರೆ, ನಮಗೆ ರಾತ್ರಿಯಾಗಿ ಮಕ್ಕಳು ಮಲಗಿರುವ ಹೊತ್ತಿನಲ್ಲಿ ಅವರು ತಮ್ಮ ದನಿಯಲ್ಲೇ ಒಂದು ಚೀಟಿ ಅಂಟಿಸಬಹುದು. ಮೊಮ್ಮಕ್ಕಳು ಬೆಳಿಗ್ಗೆ ಎದ್ದು ಕೇಳುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಳೇ ಕಾಲದವನು. ಫೋನಿನ ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಸರಿಯಾದ ಕನ್ನಡ ಪದ ತಾನಾಗಿ ಎದುರಿಗೆ ಬಂದು ನಿಲ್ಲುತ್ತದೆ. ಲ ಯಾವುದು, ಳ ಯಾವುದು, ಒತ್ತಕ್ಷರ ಎಲ್ಲಿ ಬರಬೇಕು ಎಂಬುದನ್ನು ಫೋನು ಕಲಿತಿದೆ, ಮಗು ಕಲಿತಿಲ್ಲ. ಆದ್ದರಿಂದ ಮಕ್ಕಳು ಪುಸ್ತಕದಲ್ಲಿ ಕೈಯಾರೆ ಬರೆದು, ಅದರ ಫೋಟೋ ಅಂಟಿಸಲಿ. ಅಕ್ಷರ ಸೊಟ್ಟಗಿದ್ದರೂ ಪರವಾಗಿಲ್ಲ. ಬರೆಯಲು ಬಾರದ ಚಿಕ್ಕವರು ಹೇಳಿ ರೆಕಾರ್ಡ್ ಮಾಡಲಿ. ತಪ್ಪಿದ್ದರೆ ಎಲ್ಲರೂ ನೋಡುವ ಬೋರ್ಡಿನಲ್ಲಿ ತಿದ್ದದೆ, ತರಗತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಡುವುದು ಮೇಲು.

ಟೀಚರುಗಳಿಗೆ ಎರಡು ಮಾತು. ಹಳೆಯ ನುಡಿ ಫಾಂಟಿನಲ್ಲಿರುವ ಪಾಠವನ್ನು ನೇರವಾಗಿ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಕಾಣುತ್ತವೆ, ಮೊದಲು ಯುನಿಕೋಡ್‌ಗೆ ಬದಲಾಯಿಸಿಕೊಳ್ಳಿ. ಚೀಟಿಗಳು ನಿಮ್ಮ ಒಪ್ಪಿಗೆಯ ನಂತರವೇ ಕಾಣುವಂತೆ ಹೊಂದಿಸಿ. ಮಕ್ಕಳ ಪೂರ್ತಿ ಹೆಸರು, ಮುಖದ ಫೋಟೋ ಬೇಡ.

ಇನ್ನು ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಕೊಂಡಿ ಮನೆಗೆ ಬಂದಾಗ ದಯವಿಟ್ಟು ಉತ್ತರವನ್ನು ನೀವೇ ಟೈಪ್ ಮಾಡಿ ಕಳಿಸಬೇಡಿ. ಯಾವುದು ಮಗುವಿನ ಕನ್ನಡ, ಯಾವುದು ಅಪ್ಪನ ಕನ್ನಡ ಎಂದು ಟೀಚರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ!