ಬಿಳಿ ಹಾವಿಗೆ ಕೆಂಪು ಮರಿ

ಎರಡು ಬಿಳಿ ಹಾವುಗಳನ್ನು ಜೋಡಿ ಮಾಡಿದರೆ ಮರಿಗಳು ಯಾವ ಬಣ್ಣದವು ಆಗಬಹುದು? 'ಬಿಳೀದೇ ಆಗುತ್ವೆ, ಇನ್ನೇನು' ಅನ್ನುವವರೇ ಹೆಚ್ಚು. ಆದರೆ ಕಾರ್ನ್ ಸ್ನೇಕ್‌ಗಳಲ್ಲಿ ಅಷ್ಟೂ ಮರಿಗಳು ಕಿತ್ತಳೆ-ಕೆಂಪಾಗಿಯೇ ಹುಟ್ಟುವ ಬಿಳಿ ಜೋಡಿಯೊಂದಿದೆ. ಇದರಲ್ಲಿ ಪವಾಡವೇನಿಲ್ಲ, ನಮ್ಮ ಟ್ರೂತ್ ಟೇಬಲ್‌ನಷ್ಟೇ ನೇರವಾದ ಲೆಕ್ಕ.

ಕಾರ್ನ್ ಸ್ನೇಕ್ ಅಮೆರಿಕದ ಆಗ್ನೇಯ ಭಾಗದ, ವಿಷವಿಲ್ಲದ ಹಾವು. ಅಲ್ಲಿ ಇದನ್ನು ಸಾಕಿ, ಮರಿ ಮಾಡಿಸಿ ಮಾರುವವರು ಬೇಕಾದಷ್ಟಿದ್ದಾರೆ. (ನಮ್ಮ ನಾಗರ, ಕೇರೆಗಳನ್ನು ಹೀಗೆ ಸಾಕಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ, ಒಳ್ಳೆಯದೇ ಆಯಿತು.) ಕಿತ್ತಳೆ ಮೈ, ಬೆನ್ನ ಮೇಲೆ ಕಪ್ಪು ಅಂಚಿನ ಕೆಂಪು ಮಚ್ಚೆ, ಹೊಟ್ಟೆಯಲ್ಲಿ ಕಪ್ಪು-ಬಿಳಿ ಚೌಕಳಿ. ಮುಖ್ಯವಾಗಿ ಎರಡು ಬಣ್ಣದ ಆಟ: ಒಂದು ಮೆಲನಿನ್ ಅನ್ನುವ ಕಪ್ಪು, ಇನ್ನೊಂದು ಕೆಂಪು.

ಕಪ್ಪು ತಯಾರಾಗದಿದ್ದರೆ ಅದು 'ಅಮೆಲ್'. ಗುರುತಿಸೋದು ಸುಲಭ, ಕಣ್ಣಿನ ಪಾಪೆ ಕೆಂಪಗಿರುತ್ತದೆ, ಹೊಟ್ಟೆಯಲ್ಲೂ ಕಪ್ಪು ಇರುವುದಿಲ್ಲ. 'ಹೈಪೊ' ಹಾವಿನಲ್ಲಿ ಕಪ್ಪು ಕಡಿಮೆಯಾಗಿರುತ್ತದೆ ಅಷ್ಟೇ, ಪಾಪೆ ಕಪ್ಪಾಗಿಯೇ ಉಳಿಯುತ್ತದೆ. ಹಾಗಾಗಿ ಮೈ ನೋಡುವ ಮೊದಲು ಕಣ್ಣು ನೋಡಬೇಕು. ಫೋಟೊ ನಂಬುವ ಹಾಗಿಲ್ಲ. ಹಳದಿ ಬಲ್ಬಿನ ಕೆಳಗೆ ಎಲ್ಲ ಹಾವೂ ಕಿತ್ತಳೆಯೇ. ಪೊರೆ ಬಿಡುವ ಮುಂಚಿನ ದಿನಗಳಲ್ಲಂತೂ ಮೈ ಮಸುಕಾಗಿ, ಕಣ್ಣು ಹಾಲುಗಟ್ಟಿದ ಹಾಗಿರುತ್ತದೆ.

ಕೆಂಪು ಇಲ್ಲದ ಹಾವಿನ ವಿಷಯಕ್ಕೆ ಬಂದಾಗ ತೊಡಕು ಶುರು. 'ಅನೆರಿ' ಬೂದು-ಕಪ್ಪು. 'ಚಾರ್ಕೋಲ್' ಕೂಡ ಬೂದು-ಕಪ್ಪೇ. ಅನೆರಿಗೆ ಬೆಳೆದಂತೆ ಕುತ್ತಿಗೆಯ ಹತ್ತಿರ ಹಳದಿ ಬರುತ್ತದೆ, ಚಾರ್ಕೋಲ್‌ಗೆ ಸಾಮಾನ್ಯವಾಗಿ ಬರುವುದಿಲ್ಲ. ಮರಿಯಾಗಿದ್ದಾಗ ಆ ಗುರುತೂ ಇರುವುದಿಲ್ಲ. ಹಾಗಾದರೆ ಬೇರೆ ಮಾಡೋದು ಹೇಗೆ? ಜೋಡಿ ಮಾಡಿ ನೋಡುವುದು. ಇವೆಲ್ಲ ರಿಸೆಸಿವ್ ಜೀನ್‌ಗಳು. ಅಪ್ಪನಿಂದ ಬಂದ ಪ್ರತಿಯೂ ಅಮ್ಮನಿಂದ ಬಂದ ಪ್ರತಿಯೂ ಬದಲಾಗಿದ್ದರೆ ಮಾತ್ರ ಮೈಮೇಲೆ ಕಾಣುತ್ತವೆ. ಅನೆರಿಗೂ ಚಾರ್ಕೋಲ್‌ಗೂ ಹುಟ್ಟಿದ ಮರಿಗಳು ಮಾಮೂಲಿ ಬಣ್ಣದವು. ಒಂದರಲ್ಲಿ ಕೆಟ್ಟ ಜೀನ್ ಇನ್ನೊಂದರಲ್ಲಿ ಸರಿಯಾಗಿದೆ ಅನ್ನುವುದಕ್ಕೆ ಅದೇ ಸಾಕ್ಷಿ. ಔಟ್‌ಪುಟ್ ಒಂದೇ ಆದರೂ ದೋಷ ಬೇರೆ ಬೇರೆ ಕಡೆ.

ಈಗ ಬಿಳಿ ಹಾವಿಗೆ ಬರೋಣ. ಅಮೆಲ್ ಮತ್ತು ಅನೆರಿ ಸೇರಿದರೆ 'ಸ್ನೋ', ಅಮೆಲ್ ಮತ್ತು ಚಾರ್ಕೋಲ್ ಸೇರಿದರೆ 'ಬ್ಲಿಜರ್ಡ್'. ಎರಡೂ ಬಿಳಿ. ಇವೆರಡನ್ನು ಜೋಡಿ ಮಾಡಿದರೆ ಮರಿಗೆ ಅಮೆಲ್ ಎರಡೂ ಕಡೆಯಿಂದ ಸಿಗುತ್ತದೆ, ಕಪ್ಪು ಹೋಯಿತು. ಅನೆರಿ ಒಂದೇ ಕಡೆಯಿಂದ, ಚಾರ್ಕೋಲ್ ಒಂದೇ ಕಡೆಯಿಂದ, ಹಾಗಾಗಿ ಕೆಂಪು ವಾಪಸ್!

ಮಾಮೂಲಿಯಾಗಿ ಕಾಣುವ ಹಾವಿನೊಳಗೆ ಅಡಗಿರುವ ಜೀನ್ ಯಾವ ಕಣ್ಣಿಗೂ ಕಾಣದು. ಇಂಥವನ್ನು 'ಹೆಟ್' ಅನ್ನುತ್ತಾರೆ. ಮಾರಾಟದ ಚೀಟಿಯಲ್ಲಿ '66% ಹೆಟ್' ಅಂತ ಇದ್ದರೆ ಅದು ಕಂಡೀಷನಲ್ ಪ್ರಾಬಬಿಲಿಟಿ. ಎರಡು ಹೆಟ್‌ಗಳ ಮರಿಗಳಲ್ಲಿ ಅಮೆಲ್ ಆದವನ್ನು ಬದಿಗಿಟ್ಟರೆ ಉಳಿದವು ಹೆಟ್ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು. ಪರೀಕ್ಷಿಸಬೇಕೆಂದರೆ ಅಮೆಲ್ ಜೊತೆ ಜೋಡಿ ಮಾಡಬೇಕು. ಒಂದು ಅಮೆಲ್ ಮರಿ ಬಂದರೂ ಸಾಕು, ಹೆಟ್ ಅಂತ ಖಚಿತ. ಹೆಟ್ ಆಗಿದ್ದೂ ಹತ್ತಕ್ಕೆ ಹತ್ತು ಮರಿ ಮಾಮೂಲಿಯಾಗಿ ಬರುವ ಸಾಧ್ಯತೆ 1024ರಲ್ಲಿ ಒಂದು.

ಹೆಸರು ತಪ್ಪಿದರೆ ದುಡ್ಡು ಹೋಗುತ್ತದೆ, ಅದು ಕೊಳ್ಳುವವರ ಪಾಡು. ಆಫ್ರಿಕಾ ಮೂಲದ ಬಾಲ್ ಪೈಥಾನ್‌ನ 'ಸ್ಪೈಡರ್' ಬಗೆಯಲ್ಲಿ ಮಾತ್ರ ಪಾಡು ಹಾವಿನದು. ಜೇಡರ ಬಲೆಯಂಥ ತೆಳು ಗೆರೆಗಳು, ನೋಡಲು ಬಹಳ ಚೆಂದ. ಆ ಗೆರೆ ಕೊಡುವ ಜೀನ್ ಜೊತೆಗೇ ತಲೆ ತೂಗಾಡುವ ತೊಂದರೆಯೂ ಬರುತ್ತದೆ. ಕೆಲವಕ್ಕೆ ಸ್ವಲ್ಪ ನಡುಕ, ಕೆಲವು ಇಲಿಗೆ ಗುರಿಯಿಟ್ಟು ಪಕ್ಕಕ್ಕೆ ಬಾಯಿ ಹಾಕುತ್ತವೆ. ಈ ಹಾವುಗಳ ಒಳಕಿವಿಯ ರಚನೆಯೇ ವಿಕಾರವಾಗಿರುವುದನ್ನು 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಇದು ರಿಸೆಸಿವ್ ಅಲ್ಲ, ಒಂದೇ ಪ್ರತಿ ಸಾಕು. ಇಲ್ಲಿ ಅಡಗಿಕೊಳ್ಳುವುದು ಏನೂ ಇಲ್ಲ, ಗೆರೆ ನೋಡಿದವನಿಗೆ ಮುಂದೇನೆಂದು ಗೊತ್ತಿರುತ್ತದೆ. ಆದರೂ ಮರಿ ಮಾಡಿಸುತ್ತಾರೆ, ಕೊಳ್ಳುತ್ತಾರೆ.