ಕಥೆಯಾದ ಪುಟ್ಟ ಎಂಜಿನ್‌ಗಳು

ಮಕ್ಕಳ ಕಥೆಯಲ್ಲಿ ಎಂಜಿನ್ ಮಾತನಾಡಿದರೆ ಸೋಜಿಗವೇನೂ ಇಲ್ಲ. ಕಾಗೆ ಗುಬ್ಬಚ್ಚಿಗಳೇ ಮಾತನಾಡುವ ಲೋಕವದು. ಆದರೆ ಕಥೆಯಲ್ಲಿ ಮುನಿಸಿಕೊಂಡ ಎಂಜಿನ್ ಒಂದು ಊರಿನ ಹಳಿಗಳ ಮೇಲೆ ನಿಜವಾಗಿಯೂ ಓಡುತ್ತಿದ್ದಿತು, ಅದರ ಮುನಿಸಿಗೆ ಅಲ್ಲಿ ನಿಜವಾದ ಕಾರಣವೂ ಇದ್ದಿತು ಎಂದರೆ ಅದು ಸೋಜಿಗವೇ ಸರಿ.

ಈ ಕಥೆಗಳನ್ನು ಬರೆದವರು ಇಂಗ್ಲೆಂಡಿನ ಪಾದ್ರಿ ಡಬ್ಲ್ಯು. ಆಡ್ರಿ. 1943ರಲ್ಲಿ ದಡಾರದಿಂದ ಮಲಗಿದ್ದ ಮಗನನ್ನು ರಂಜಿಸಲು ಹೇಳಿದ ಕಥೆಗಳು 1945ರಲ್ಲಿ ಪುಸ್ತಕರೂಪ ತಾಳಿದವು. ಇವುಗಳ ಥಾಮಸ್ ಎಂಬ ನೀಲಿ ಎಂಜಿನ್ ಜಗತ್ತಿಗೆಲ್ಲ ಪರಿಚಿತ. ಅವನ ನೆರೆಯ ಕಿರುಹಳಿಯ ಬಳಗದ ಪರಿಚಯ ಅಷ್ಟಾಗಿ ಇಲ್ಲ. ಆ ಬಳಗಕ್ಕಾಗಿಯೇ ಆಡ್ರಿಯವರು 1955ರಲ್ಲಿ 'ಫೋರ್ ಲಿಟ್ಲ್ ಎಂಜಿನ್ಸ್' ಎಂಬ ಪುಸ್ತಕವನ್ನು ಬರೆದರು.

ಇದರ ಮೂಲ ವೇಲ್ಸ್ ನಾಡಿನ ಟಾಲಿಲಿನ್ ರೈಲ್ವೆ. ಬೆಟ್ಟದ ಗಣಿಯಿಂದ ಸ್ಲೇಟುಕಲ್ಲನ್ನು ಸಾಗಿಸಲು 1860ರ ದಶಕದಲ್ಲಿ ಹಾಕಿದ ಈ ದಾರಿಯಲ್ಲಿ ಹಳಿಗಳ ನಡುವಣ ಅಂತರ ಕೇವಲ 2 ಅಡಿ 3 ಅಂಗುಲ. ನಮ್ಮ ಬ್ರಾಡ್‌ಗೇಜಿನ 5 ಅಡಿ 6 ಅಂಗುಲದ ಅರ್ಧವೂ ಅಲ್ಲ! 1946ರಲ್ಲಿ ಗಣಿ ಮುಚ್ಚಿತು; 1950ರಲ್ಲಿ ಒಡೆಯರಾದ ಸರ್ ಹೇಡನ್ ಜೋನ್ಸ್ ತೀರಿಕೊಂಡರು. ರೈಲಿನ ಕಥೆಯೂ ಮುಗಿಯಿತೆಂದೇ ಎಲ್ಲರೂ ಬಗೆದರು. ಆಗ ಲೇಖಕ ಎಲ್. ಟಿ. ಸಿ. ರೋಲ್ಟ್ ಮತ್ತು ಸಂಗಡಿಗರು ಬರ್ಮಿಂಗ್‌ಹ್ಯಾಮಿನಲ್ಲಿ ಸಭೆ ಸೇರಿ, ಸಂಬಳವಿಲ್ಲದೆ ತಾವೇ ದುಡಿದು ರೈಲನ್ನು ಉಳಿಸುವುದಾಗಿ ನಿಶ್ಚಯಿಸಿದರು. 1951ರಲ್ಲಿ ಸಂಚಾರ ಮೊದಲಾಯಿತು. ಸ್ವಯಂಸೇವಕರು ಹೀಗೆ ಉಳಿಸಿ ನಡೆಸಿದ ರೈಲುಗಳಲ್ಲಿ ಜಗತ್ತಿಗೇ ಇದು ಮೊದಲನೆಯದು.

ನಡೆಸುವುದಾದರೂ ಹೇಗೆ? 1864ರ 'ಟಾಲಿಲಿನ್' ಎಂಜಿನ್ ಕೆಟ್ಟು ಮೂಲೆ ಸೇರಿದ್ದಿತು. ಮುಚ್ಚಿಹೋಗಿದ್ದ ಕೋರಿಸ್ ರೈಲ್ವೆಯಿಂದ ಎರಡು ಎಂಜಿನ್‌ಗಳನ್ನು ಕೊಂಡು ತಂದರು. ಅವುಗಳಲ್ಲಿ ಒಂದಕ್ಕೆ ದುರಸ್ತಿ ಬೇಕಾಗಿದ್ದಿತು. 'ಸರ್ ಹೇಡನ್' ಎಂಬ ಇನ್ನೊಂದರ ಚಕ್ರದ ಪಟ್ಟಿ ಕಿರಿದು. ಸವೆದ ದಾರಿಯಲ್ಲಿ ಹಳಿಗಳು ಅಗಲಿಕೊಂಡಿದ್ದುದರಿಂದ ಅದು ನಡುವೆ ಜಾರಿ ಬೀಳುತ್ತಿದ್ದಿತು. ಹೀಗಾಗಿ ಆ ವರ್ಷದ ಭಾರವೆಲ್ಲ ಎಂಬತ್ತೈದು ವರ್ಷದ ಮುದಿ ಎಂಜಿನ್ 'ಡೊಲ್ಗೋಖ್' ಮೇಲೆ ಬಿದ್ದಿತು. ಅದು ನಿಂತಿದ್ದರೆ ರೈಲೂ ನಿಲ್ಲುತ್ತಿದ್ದಿತು. ಅದು ನಿಲ್ಲಲಿಲ್ಲ.

ಮರುವರ್ಷ ಆಡ್ರಿಯವರೂ ಅಲ್ಲಿ ಗಾರ್ಡ್ ಆಗಿ ಸೇವೆಗೆ ಬಂದರು. ಒಮ್ಮೆ ಅವಸರದಲ್ಲಿ ಹಸಿರು ಬಾವುಟ ತೋರಿಸಿ, ತಿಂಡಿ ಮಾರುವ ಮಹಿಳೆಯನ್ನು ನಿಲ್ದಾಣದಲ್ಲೇ ಬಿಟ್ಟು ಹೊರಟುಬಿಟ್ಟರಂತೆ! ಅದೂ ಕಥೆಯಾಯಿತು. ಟಾಲಿಲಿನ್ ಕಥೆಯಲ್ಲಿ 'ಸ್ಕಾರ್ಲೋಯಿ' ಆಯಿತು, ಡೊಲ್ಗೋಖ್ 'ರೀನಿಯಸ್' ಆಯಿತು. ಹಳಿ ತಪ್ಪುತ್ತಿದ್ದ ಸರ್ ಹೇಡನ್, ಜಂಬಗಾರ 'ಸರ್ ಹ್ಯಾಂಡಲ್' ಆಗಿ ಅಗಲ ಚಕ್ರಗಳನ್ನು ತೊಡಿಸಿಕೊಂಡು ಗೆಳೆಯರ ಗೇಲಿಗೆ ಗುರಿಯಾದ. 1962ರ ಪುಸ್ತಕದಲ್ಲಿ ರೀನಿಯಸ್ ಒಂದು ಪಕ್ಕದ ಯಂತ್ರ ಸಿಕ್ಕಿಕೊಂಡರೂ ಪ್ರಯಾಣಿಕರಿಂದ ತುಂಬಿದ ಬಂಡಿಯನ್ನು ಏರು ಹತ್ತಿಸಿ ಮನೆ ಮುಟ್ಟಿಸುತ್ತಾನೆ. ಡೊಲ್ಗೋಖಿನ ಕಷ್ಟವನ್ನು ಬಲ್ಲವರಿಗೆ ಆ ಏರು ಕಲ್ಪನೆಯದೆಂದು ತೋರದು.

1984ರಲ್ಲಿ ಆರಂಭವಾದ ಥಾಮಸ್‌ನ ದೂರದರ್ಶನ ಮಾಲೆಗೆ ಈ ಬಳಗ 1995ರಲ್ಲಿ ಬಂದು ಸೇರಿತು. ತೆರೆಯ ಮೇಲೆ ಓಡಿದವು ಮಾದರಿ ಬೊಂಬೆಗಳು. ನಿಜವಾದ ಹಿರಿಯರಿಬ್ಬರೂ, ಎಷ್ಟೋ ಭಾಗಗಳನ್ನು ಹೊಸದಾಗಿಸಿಕೊಂಡು, ಇಂದಿಗೂ ಟಾಲಿಲಿನ್ ರೈಲ್ವೆಯಲ್ಲಿಯೇ ಇದ್ದಾರೆ. 2021ರಲ್ಲಿ ಯುನೆಸ್ಕೊ ಆ ಸ್ಲೇಟು ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ರೈಲ್ವೆಯೂ ಅದರಲ್ಲಿ ಒಳಗೊಂಡಿತು.

ಹಳೆಯದಾಯಿತೆಂದರೆ ಗುಜರಿಗೆ ಹಾಕುವುದು ಲೋಕರೂಢಿ. ಮುದಿ ಎಂಜಿನ್ ಒಂದನ್ನು ಗೌರವದಿಂದ ಕಾಣಬೇಕೆಂದು ಮಕ್ಕಳಿಗೆ ಈ ಪುಟ್ಟ ಪುಸ್ತಕಗಳು ಉಪದೇಶವಿಲ್ಲದೆ ತಿಳಿಸಿದವು. ಮನೆಯ ಹಿರಿಯರ ವಿಷಯದಲ್ಲಿಯೂ ಆ ಮಾತು ನೆನಪಿಗೆ ಬಂದರೆ ಲಾಭವೇ ಅಲ್ಲವೆ?