ಬೇಸಗೆಯ ಬಾಗಿಲಲ್ಲಿ ಹಿಮದ ಜಾರಾಟ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಸಾಲಿನ ಪೂರ್ವ ಮಗ್ಗುಲಲ್ಲಿ ಮ್ಯಾಮತ್ ಮೌಂಟನ್ ಎಂಬ ಸ್ಕೀ ತಾಣವಿದೆ. ಮೇ ತಿಂಗಳಲ್ಲಿ ಅಲ್ಲಿಗೆ ಹೋದರೆ ವಿಚಿತ್ರವೊಂದು ಕಣ್ಣಿಗೆ ಬೀಳುತ್ತದೆ. ಬೆಳಿಗ್ಗೆ ಲಿಫ್ಟುಗಳು ಓಡತೊಡಗಿದರೂ ಪಳಗಿದ ಸ್ಕೀಯರುಗಳಿಗೆ ಅವಸರವಿಲ್ಲ. ಕಾರಿನ ಹಿಂಬಾಗಿಲು ತೆರೆದಿಟ್ಟು, ಬೂಟಿನ ಬಕಲ್ ಬಿಗಿಯದೆ, ಕಾಫಿ ಹೀರುತ್ತ ಕೂತಿರುತ್ತಾರೆ. ಆಗಾಗ ಯಾರಾದರೂ ಎದ್ದು ಹೋಗಿ ಇಳಿಜಾರಿನ ಅಂಚಿಗೆ ಸ್ಕೀ ಕೋಲು ಚುಚ್ಚಿ ನೋಡುತ್ತಾರೆ. ಮೊನೆ ಟಕ್ಕೆಂದು ಪುಟಿದರೆ ಮರಳಿ ಬಂದು ಕೂರುತ್ತಾರೆ. ಒಂದಂಗುಲ ಇಳಿದರೆ ಬಕಲ್ ಬಿಗಿದು ಹೊರಡುತ್ತಾರೆ. ಜನವರಿಯಲ್ಲಿ ಹೊಸ ಹಿಮ ಬಿತ್ತೆಂದರೆ ನಸುಕಿಗೇ ಸಾಲುಗಟ್ಟುವ ಇದೇ ಜನ ಈಗ ಹಿಮ ಕರಗಲಿ ಎಂದು ಕಾಯುತ್ತಾರೆ.

ಯಾವ ಹೊತ್ತಿಗೆ, ಎಷ್ಟು ಕರಗಬೇಕು ಎಂಬುದರಲ್ಲೇ ವಸಂತದ ಸ್ಕೀಯಿಂಗಿನ ಸುಖವೆಲ್ಲ ಇದೆ. ಆ ಲೆಕ್ಕ ಶುರುವಾಗುವುದು ಬೆಳಗಿನ ಬಿಸಿಲಿನಿಂದಲ್ಲ, ಹಿಂದಿನ ರಾತ್ರಿಯ ಆಕಾಶದಿಂದ.

ಮ್ಯಾಮತ್‌ನ ತುದಿ ಸಮುದ್ರಮಟ್ಟದಿಂದ 3,369 ಮೀಟರ್ ಎತ್ತರದಲ್ಲಿದೆ. ಸಿಯೆರಾದ ನೆತ್ತಿಯ ಸಾಲು ಈ ಭಾಗದಲ್ಲಿ ತುಸು ತಗ್ಗಿರುವುದರಿಂದ ಪೆಸಿಫಿಕ್ ಸಾಗರದ ತೇವ ಹೊತ್ತು ಬರುವ ಬಿರುಗಾಳಿಗಳು ಇದೇ ಕಿಂಡಿಯಲ್ಲಿ ನುಗ್ಗಿ ಬೆಟ್ಟದ ಮೇಲೆ ಹಿಮ ಸುರಿಸುತ್ತವೆ. ಮುಖ್ಯ ಇಳಿಜಾರುಗಳು ಉತ್ತರಕ್ಕೆ ಮುಖ ಮಾಡಿರುವುದರಿಂದ ಬಿದ್ದ ಹಿಮ ಬೇಗ ಕರಗುವುದೂ ಇಲ್ಲ. 2022-23ರ ಋತುವಿನಲ್ಲಿ ಇಲ್ಲಿನ ಮುಖ್ಯ ಲಾಡ್ಜಿನ ಬಳಿ ಒಟ್ಟು 18 ಮೀಟರಿನಷ್ಟು ಹಿಮ ಬಿದ್ದು, ಆಗಸ್ಟ್ 6ರವರೆಗೂ ಜನ ಜಾರಿದರು.

ಚಳಿಗಾಲದ ಹಿಮದ ಹರಳುಗಳಿಗೆ ಆರು ತೋಳು, ತೋಳಿಗೆಲ್ಲ ಗರಿ. ಬಿದ್ದ ಕೆಲವೇ ದಿನಗಳಲ್ಲಿ ಆ ಗರಿಗಳು ಅಳಿದು ಹೋಗುತ್ತವೆ. ವಸಂತ ಬರುವ ಹೊತ್ತಿಗೆ ಮೀಟರುಗಟ್ಟಲೆ ದಪ್ಪದ ಹಿಮರಾಶಿ ಮೇಲಿನಿಂದ ನೆಲದವರೆಗೆ ಸೊನ್ನೆ ಡಿಗ್ರಿಗೆ ಬಂದು ನಿಂತಿರುತ್ತದೆ. ಇನ್ನು ಬೀಳುವ ಬಿಸಿಲೆಲ್ಲ ಕರಗಿಸುವುದಕ್ಕೇ ಖರ್ಚು. ಕರಗಿದ ನೀರು ಹರಳುಗಳ ಸಂದಿನಲ್ಲಿ ಮೇಲ್ಮೈ ಎಳೆತದಿಂದಾಗಿ ಹಿಡಿದು ನಿಲ್ಲುತ್ತದೆ. ಅಲ್ಲಿ ನಡೆಯುವ ಕೆಲಸ ಸೂಕ್ಷ್ಮವಾದದ್ದು. ಸಣ್ಣ ಹರಳಿನ ಮೇಲ್ಮೈ ಹೆಚ್ಚು ಬಾಗಿರುವುದರಿಂದ ಅದರ ಕರಗುವ ಬಿಂದು ದೊಡ್ಡದಕ್ಕಿಂತ ಕೂದಲೆಳೆಯಷ್ಟು ಕಡಿಮೆ. ಹಾಗಾಗಿ ಸಣ್ಣವು ಕರಗುತ್ತ ಹೋಗಿ, ದೊಡ್ಡವು ದುಂಡಗೆ ಬೆಳೆಯುತ್ತವೆ. ರಾತ್ರಿ ಸಂದಿನ ನೀರು ಹೆಪ್ಪುಗಟ್ಟಿ ಅವನ್ನು ಒಂದಕ್ಕೊಂದು ಬೆಸೆಯುತ್ತದೆ. ಮರುದಿನ ಬೆಸುಗೆ ಬಿಡುತ್ತದೆ. ಹೀಗೆ ಹಲವು ದಿನ ಕರಗುತ್ತ, ಹೆಪ್ಪುಗಟ್ಟುತ್ತ ಬಂದ ಹಿಮವನ್ನು ಮೇ ತಿಂಗಳ ಬೆಳಗಿನಲ್ಲಿ ಬೊಗಸೆಯಲ್ಲಿ ಎತ್ತಿ ನೋಡಬೇಕು: ನೆನೆಸಿಟ್ಟ ಸಾಬಕ್ಕಿಯಂತೆ ಮಿಲಿಮೀಟರು, ಎರಡು ಮಿಲಿಮೀಟರು ಗಾತ್ರದ, ಬೆಳಕು ಹಾಯುವ ಕಾಳುಗಳು. ಬೆರಳು ಸಡಿಲಿಸಿದರೆ ಸರಸರ ಉದುರುತ್ತವೆ. ಮಸೂರದಲ್ಲಿ ನೋಡಿದರೆ ಒಂದೊಂದು ಕಾಳೂ ಹಲವು ಹರಳುಗಳು ಅಂಟಿಕೊಂಡು ಆದ ಗೊಂಚಲು. ಸ್ಕೀಯರುಗಳು ಇದನ್ನು ಕಾರ್ನ್ ಸ್ನೋ ಎನ್ನುತ್ತಾರೆ. ಗಟ್ಟಿ ತಳದ ಮೇಲೆ ಎರಡು ಮೂರು ಸೆಂಟಿಮೀಟರ್ ಮಾತ್ರ ಈ ಕಾಳುಗಳು ಸಡಿಲಗೊಂಡಾಗ ಸ್ಕೀ ಹಲಗೆಯ ಅಂಚು ಅದರಲ್ಲಿ ಹಿತವಾಗಿ ಕೂತು, ಕೇಳಿದ ಕಡೆ ತಿರುಗುತ್ತದೆ. ಕಲಿಯುವವರಿಗೂ ನುರಿತವರಿಗೂ ಇದಕ್ಕಿಂತ ಒಳ್ಳೆಯ ಹಿಮವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಗಟ್ಟಿ ತಳ ಬೇಕಾದರೆ ರಾತ್ರಿ ಹಿಮ ಹೆಪ್ಪುಗಟ್ಟಬೇಕು. ಅದಕ್ಕೆ ಗಾಳಿಯ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯಲೇಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಇಳಿಯಬೇಕಾಗಿಲ್ಲ. ಬಿಸಿಲಿಗೆ ಕನ್ನಡಿ ಹಿಡಿಯುವ ಹಿಮ, ಅವಕೆಂಪು ಕಿರಣಗಳ ಲೆಕ್ಕದಲ್ಲಿ ಹೆಚ್ಚೂಕಡಿಮೆ ಕಡುಗಪ್ಪು ವಸ್ತು. ಸೊನ್ನೆ ಡಿಗ್ರಿಯ ಹಿಮದ ಮೇಲ್ಮೈ ಪ್ರತಿ ಚದರ ಮೀಟರಿನಿಂದ ಸುಮಾರು 315 ವ್ಯಾಟ್ ಶಾಖವನ್ನು ಮೇಲಕ್ಕೆ ಸೂಸುತ್ತಲೇ ಇರುತ್ತದೆ. ಎತ್ತರದ ಬೆಟ್ಟದ ಒಣ, ನಿರ್ಮಲ ಆಕಾಶ ಅದರಲ್ಲಿ ಸುಮಾರು 230 ವ್ಯಾಟ್ ಮಾತ್ರ ಹಿಂದಿರುಗಿಸುತ್ತದೆ. ಉಳಿದ ಎಂಬತ್ತು ಚಿಲ್ಲರೆ ವ್ಯಾಟ್ ರಾತ್ರಿಯಿಡೀ ಬಾಹ್ಯಾಕಾಶಕ್ಕೆ ಸೋರಿ ಹೋಗುತ್ತದೆ. ಗಾಳಿ ಎರಡು ಮೂರು ಡಿಗ್ರಿಯಲ್ಲಿದ್ದರೂ ಹಿಮದ ಮೇಲ್ಮೈ ಹೆಪ್ಪುಗಟ್ಟುವುದು ಈ ಸೋರಿಕೆಯಿಂದಲೇ. ಎಂಟು ಗಂಟೆ ಹೀಗೆ ಸೋರಿದರೆ ಒಂದು ಚದರ ಮೀಟರಿನಲ್ಲಿ ಆರೇಳು ಲೀಟರ್ ನೀರು ಮಂಜುಗಡ್ಡೆಯಾಗುತ್ತದೆ. ಒದ್ದೆ ಹಿಮದ ಮೇಲಿನ ನಾಲ್ಕೈದು ಅಂಗುಲ ಕಲ್ಲಾಗಲು ಅಷ್ಟು ಸಾಕು.

ಮೋಡ ಮುಚ್ಚಿದ ರಾತ್ರಿ ಈ ಲೆಕ್ಕ ತಲೆಕೆಳಗಾಗುತ್ತದೆ. ಮೋಡದ ತಳ ತಾನೂ ಶಾಖ ಸೂಸುವುದರಿಂದ ಹಿಮ ಕಳೆದುಕೊಂಡದ್ದರಲ್ಲಿ ಬಹುಪಾಲು ಹಿಂದಕ್ಕೆ ಬರುತ್ತದೆ. ಬೆಳಿಗ್ಗೆ ಥರ್ಮಾಮೀಟರು ನಿನ್ನೆಯಷ್ಟೇ ತೋರಿಸಿದರೂ ಹಿಮ ಮೆತ್ತಗೆ, ಒದ್ದೆಯಾಗಿ ಬಿದ್ದಿರುತ್ತದೆ. ಅದಕ್ಕೇ ಬಲ್ಲವರು ಹಿಂದಿನ ಸಂಜೆಯೇ ಹವಾ ವರದಿಯಲ್ಲಿ ಮೋಡ ಮತ್ತು ಗಾಳಿಯ ತೇವ ಎರಡನ್ನೂ ನೋಡಿಕೊಳ್ಳುತ್ತಾರೆ.

ಹಗಲಿನ ಲೆಕ್ಕದಲ್ಲಿ ಹಿಮದ ಬಣ್ಣವೇ ಪ್ರಧಾನ. ಹೊಸ ಹಿಮ ಬಿದ್ದ ಬೆಳಕಿನ ನೂರಕ್ಕೆ ಎಂಬತ್ತರಿಂದ ತೊಂಬತ್ತು ಪಾಲನ್ನು ಹಿಂದಕ್ಕೆಸೆಯುತ್ತದೆ. ಕಾಳುಕಟ್ಟಿದ ಹಳೆಯ ಹಿಮ ಅರವತ್ತರ ಆಸುಪಾಸು. ಮೇ ತಿಂಗಳ ನಡುಹಗಲಲ್ಲಿ ಚದರ ಮೀಟರಿಗೆ ಸಾವಿರ ವ್ಯಾಟ್ ಬಿಸಿಲು ಸುರಿಯುವಾಗ ನಾನೂರು ವ್ಯಾಟ್ ಒಳಕ್ಕೆ ಇಳಿಯಿತು ಎಂದಾಯಿತು. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೌಲ್ ಬೇಕು. ಅಷ್ಟೇ ಶಾಖದಲ್ಲಿ ಒಂದು ಕಿಲೋ ತಣ್ಣೀರನ್ನು ಸೊನ್ನೆಯಿಂದ ಎಂಬತ್ತು ಡಿಗ್ರಿಗೆ ಕಾಯಿಸಬಹುದು. ಇಷ್ಟು ದೊಡ್ಡ ಗುಪ್ತೋಷ್ಣ ಇರುವುದರಿಂದಲೇ ಹಿಮರಾಶಿ ಬೇಸಗೆಯ ಬಿಸಿಲಿನಲ್ಲೂ ವಾರಗಟ್ಟಲೆ ಉಳಿಯುತ್ತದೆ. ಆದರೂ ಬೇರೆ ನಷ್ಟಗಳನ್ನು ಬದಿಗಿಟ್ಟರೆ ಗಂಟೆಗೆ ಚದರ ಮೀಟರಿಗೆ ನಾಲ್ಕು ಲೀಟರಿನಷ್ಟು ನೀರು ಹುಟ್ಟುತ್ತದೆ. ರಾತ್ರಿಯಿಡೀ ಕಟ್ಟಿದ ಗಟ್ಟಿತನ ಎರಡು ಗಂಟೆಯಲ್ಲಿ ಮುಗಿಯಿತು! ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು ಹದಕ್ಕೆ ಬರುತ್ತದೆ, ಆಮೇಲೆ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು. ಬೆಟ್ಟವನ್ನು ಬಲ್ಲವರು ಸೂರ್ಯನ ಹಿಂದೆಯೇ ಸುತ್ತುತ್ತಾ, ಪ್ರತಿ ಇಳಿಜಾರಿನಲ್ಲೂ ಆ ಒಂದು ಗಂಟೆಯನ್ನು ಹಿಡಿಯುತ್ತಾರೆ.

ಹಲಗೆ ಹಿಮದ ಮೇಲೆ ಜಾರುವುದೇಕೆ? ದೇಹದ ಭಾರದ ಒತ್ತಡಕ್ಕೆ ಹಿಮ ಕರಗುತ್ತದೆ ಎಂಬ ಉತ್ತರವನ್ನು ಇಂದಿಗೂ ಪುಸ್ತಕಗಳಲ್ಲಿ ಕಾಣಬಹುದು. ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಎಪ್ಪತ್ತೈದು ಕಿಲೋ ತೂಕದವರು ಎರಡು ಉದ್ದ ಹಲಗೆಗಳ ಮೇಲೆ ನಿಂತಾಗ ಹಿಮದ ಮೇಲೆ ಬೀಳುವ ಒತ್ತಡ ವಾಯುಮಂಡಲದ ಒತ್ತಡದ ಮೂವತ್ತೈದರಲ್ಲಿ ಒಂದು ಪಾಲಿಗಿಂತ ಹೆಚ್ಚಿಲ್ಲ. ಅದರಿಂದ ಕರಗುವ ಬಿಂದು ಇಳಿಯುವುದು ಡಿಗ್ರಿಯ ಐದು ಸಾವಿರದಲ್ಲಿ ಒಂದು ಪಾಲು. ಹಲಗೆ ತಾಗುವುದು ಕಾಳುಗಳ ನೆತ್ತಿಗಷ್ಟೇ ಎಂದುಕೊಂಡರೂ ಚಳಿಗಾಲದ ಹಿಮಕ್ಕೆ ಇದು ಸಾಲದು. 1939ರಲ್ಲಿ ಬೌಡನ್ ಮತ್ತು ಹ್ಯೂಸ್ ಎಂಬ ವಿಜ್ಞಾನಿಗಳು ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾಯೋಖ್ ಸಂಶೋಧನಾ ನಿಲ್ದಾಣದಲ್ಲೂ ಪ್ರಯೋಗ ಮಾಡಿ, ಘರ್ಷಣೆಯ ಶಾಖವೇ ತೆಳುವಾದ ನೀರಿನ ಪದರವನ್ನು ಹುಟ್ಟಿಸುತ್ತದೆ ಎಂದು ತೋರಿಸಿದರು. ಜಾರುವಿಕೆಗೆ ಆ ಪದರವೇ ಎಣ್ಣೆ.

ಚಳಿಯಲ್ಲಿ ಈ ನೀರು ಸಾಲದೆ ಹಲಗೆ ಎಳೆಯುತ್ತದೆ. ವಸಂತದ ಮಧ್ಯಾಹ್ನ ನೀರು ಅತಿಯಾಗಿ ಎಳೆಯುತ್ತದೆ. ಹಲಗೆಯ ನುಣುಪು ತಳಕ್ಕೂ ಒದ್ದೆ ಕಾಳುಗಳಿಗೂ ನಡುವೆ ನೀರು ಸೇತುವೆ ಕಟ್ಟಿ ಹೀರಿ ಹಿಡಿಯುತ್ತದೆ. ವೇಗವಾಗಿ ಬರುತ್ತಿದ್ದವರು ನೆರಳಿನಿಂದ ಬಿಸಿಲಿಗೆ ದಾಟಿದ ಕೂಡಲೆ ಯಾರೋ ಕಾಲು ಹಿಡಿದಂತಾಗಿ ಮುಗ್ಗರಿಸುವುದು, ಮೊಣಕಾಲು ಉಳುಕಿಸಿಕೊಳ್ಳುವುದು ಇದಕ್ಕೇ. ಆದ್ದರಿಂದ ವಸಂತದ ಹಲಗೆಯ ತಳದಲ್ಲಿ ಕಲ್ಲಿನ ಚಕ್ರದಿಂದ ನೀರು ಹರಿದುಹೋಗುವ ಸಣ್ಣ ಗೀರುಗಳನ್ನು ಕೊರೆದು, ನೀರನ್ನು ಒಲ್ಲದ ಮೇಣ ಸವರುತ್ತಾರೆ. ಫ್ಲೂರಿನ್ ಬೆರೆಸಿದ ಮೇಣಗಳು ಈ ಕೆಲಸದಲ್ಲಿ ಎಲ್ಲಕ್ಕಿಂತ ಮೇಲಾಗಿದ್ದವು. ಆದರೆ ಅವುಗಳಲ್ಲಿನ ರಾಸಾಯನಿಕಗಳು ನೆಲ, ನೀರು, ರಕ್ತ ಎಲ್ಲೆಡೆ ಕೊಳೆಯದೆ ಉಳಿಯುತ್ತವೆ. ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟ 2023-24ರ ಋತುವಿನಿಂದ ಸ್ಪರ್ಧೆಗಳಲ್ಲಿ ಅವನ್ನು ನಿಷೇಧಿಸಿತು. ಬೆಟ್ಟದ ಮೇಲೆ ಸವರಿದ್ದೆಲ್ಲ ಕಡೆಗೆ ಹೊಳೆಗೆ ಸೇರುವುದರಿಂದ ಇದು ತಡವಾಗಿ ಬಂದ ಒಳ್ಳೆಯ ನಿರ್ಧಾರ.

ಸ್ಪರ್ಧೆಯ ಹಾದಿ ಮೆತ್ತಗಾದರೆ ಹಿಮಕ್ಕೆ ಉಪ್ಪು ಎರಚುತ್ತಾರೆ. ಉಪ್ಪು ತಗುಲಿದ ಕಾಳುಗಳು ತಕ್ಷಣ ಕರಗುತ್ತವೆ. ಕರಗಲು ಬೇಕಾದ ಗುಪ್ತೋಷ್ಣವನ್ನು ಸುತ್ತಲಿನ ಒದ್ದೆ ಹಿಮದಿಂದಲೇ ಎಳೆದುಕೊಳ್ಳುವುದರಿಂದ ಅಲ್ಲಿನ ನೀರು ಹೆಪ್ಪುಗಟ್ಟಿ ಹಾದಿ ಬಿಗಿಯಾಗುತ್ತದೆ. ಹಿಮ ಒದ್ದೆಯಾಗಿದ್ದರಷ್ಟೇ ಈ ಉಪಾಯ ನಡೆಯುತ್ತದೆ.

ಮಧ್ಯಾಹ್ನ ದಾಟಿದ ಮೇಲೆ ಅಪಾಯ ಬೇರೆ ಬಗೆಯದು. ಹಿಮದ ಗಾತ್ರದಲ್ಲಿ ನೀರು ನೂರಕ್ಕೆ ಮೂರರಿಂದ ಎಂಟು ಪಾಲು ಇದ್ದಾಗ ಅದು ಕಾಳುಗಳನ್ನು ಒಟ್ಟಿಗೆ ಹಿಡಿದಿಡುತ್ತದೆ. ಅದಕ್ಕೂ ಮಿಕ್ಕಿದರೆ ಬೆಸುಗೆಗಳೇ ಕರಗತೊಡಗುತ್ತವೆ, ನೀರು ಕೆಳಕ್ಕೆ ಇಳಿದು ಯಾವುದೋ ಹಳೆಯ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ಆಗ ಕಡಿದಾದ ಇಳಿಜಾರಿನಲ್ಲಿ ಒದ್ದೆ ಹಿಮ ರಾಶಿಯಾಗಿ ಕುಸಿಯಬಹುದು. ತಾಣದ ಒಳಗಿನ ಹಾದಿಗಳನ್ನು ಯಂತ್ರ ಓಡಿಸಿ ಅದುಮಿರುತ್ತಾರೆ, ಕಾವಲಿರುತ್ತದೆ. ಹಗ್ಗದ ಗಡಿ ದಾಟಿ ಹೋದವರಿಗೆ ಅದಿಲ್ಲ. ಮೇಲಿನಿಂದ ಹಿಮದ ಉಂಡೆಗಳು ತಾವಾಗಿ ಉರುಳಿ ಬರತೊಡಗಿದರೆ, ಬೂಟು ಹಿಮ್ಮಡಿ ಮೀರಿ ಹೂತರೆ ಅಲ್ಲಿಂದ ಹೊರಡಬೇಕು. ಋತುವಿನ ಕೊನೆಯಲ್ಲಿ ಲಿಫ್ಟುಗಳು ಬೇಗನೆ ನಿಲ್ಲುವುದೂ ಹಿಮದ ಈ ಸ್ಥಿತಿಯಿಂದಾಗಿಯೇ.

ಜೂನ್ ಹತ್ತಿರವಾದಂತೆ ಕೆಲವೆಡೆ ಹಿಮ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅದು ಹಿಮದಲ್ಲೇ ಬದುಕುವ ಒಂದು ಶೈವಲ. ಹಸುರು ಶೈವಲಗಳ ಬಳಗದ್ದೇ ಆದರೂ ಕಡುಬಿಸಿಲಿನಿಂದ ಕಾಪಾಡಿಕೊಳ್ಳಲು ಅಸ್ಟಾಕ್ಸಾಂಥಿನ್ ಎಂಬ ಕೆಂಪು ವರ್ಣದ್ರವ್ಯವನ್ನು ತುಂಬಿಕೊಂಡಿರುತ್ತದೆ. ಬೆಂದ ಸೀಗಡಿಯ ಕೆಂಪೂ ಇದೇ ವಸ್ತುವಿನದು. ಈ ಕೆಂಪು, ಪೈನ್ ಮರದ ಉದುರು, ಕಾಡ್ಗಿಚ್ಚಿನ ಮಸಿ ಎಲ್ಲವೂ ಹಿಮವನ್ನು ಕಪ್ಪಾಗಿಸಿ ಕರಗುವ ವೇಗ ಹೆಚ್ಚಿಸುತ್ತವೆ. ಹೋಗುವವರು ತಮ್ಮ ಚರ್ಮವನ್ನೂ ನೆನಪಿಡಬೇಕು: ನೇರಳಾತೀತ ಕಿರಣ ಸಾವಿರ ಮೀಟರ್ ಏರಿದರೆ ಸುಮಾರು ನೂರಕ್ಕೆ ಹತ್ತು ಪಾಲು ಹೆಚ್ಚು, ಹಿಮ ಅದನ್ನು ಕೆಳಗಿನಿಂದಲೂ ಎಸೆಯುತ್ತದೆ. ಗದ್ದದ ಅಡಿ, ಮೂಗಿನ ಹೊಳ್ಳೆಯ ಅಂಚು ಸುಡುವುದು ಹೀಗೆ. ಕಪ್ಪು ಕನ್ನಡಕವಿಲ್ಲದೆ ಒಂದು ಹಗಲು ಕಳೆದವರಿಗೆ ಅಂದಿನ ರಾತ್ರಿ ಕಣ್ಣಿಗೆ ಮರಳು ತುಂಬಿದಂಥ ಉರಿ.

ಮ್ಯಾಮತ್ ತಾಣವನ್ನು ಕಟ್ಟಿದ ಡೇವ್ ಮೆಕಾಯ್ (1915-2020) ಲಾಸ್ ಏಂಜಲೀಸಿನ ನೀರು ಮತ್ತು ವಿದ್ಯುತ್ ಇಲಾಖೆಯಲ್ಲಿ ಜಲಮಾಪಕರಾಗಿದ್ದವರು. ಚಳಿಗಾಲದಲ್ಲಿ ಸ್ಕೀ ಕಟ್ಟಿಕೊಂಡು ಬೆಟ್ಟ ಸುತ್ತಿ ಹಿಮ ಅಳೆಯುವುದು ಅವರ ಕೆಲಸ. ಎಲ್ಲಿ ಹಿಮ ಹೆಚ್ಚು ನಿಲ್ಲುತ್ತದೆ ಎಂಬುದು ಅವರಿಗೆ ತಿಳಿದಿದ್ದೇ ಹಾಗೆ. 1955ರಲ್ಲಿ ಇಲ್ಲಿ ಮೊದಲ ಚೇರ್‌ಲಿಫ್ಟ್ ಏರಿತು. ಹಿಮ ಅಳೆಯುವ ವಿಧಾನವನ್ನು ಅದಕ್ಕೂ ದಶಕಗಳ ಹಿಂದೆ ರೂಪಿಸಿದವರು ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಪಾಠ ಹೇಳುತ್ತಿದ್ದ ಜೇಮ್ಸ್ ಚರ್ಚ್. ಟೊಳ್ಳು ಲೋಹದ ಕೊಳವೆಯನ್ನು ನೆಲ ತಾಗುವವರೆಗೆ ಹಿಮಕ್ಕಿಳಿಸಿ, ಮೇಲೆತ್ತಿ, ತೂಗುವುದು. ಆಳಕ್ಕಿಂತ ತೂಕ ಮುಖ್ಯ, ಏಕೆಂದರೆ ತೂಕವೇ ನೀರು.

ಕ್ಯಾಲಿಫೋರ್ನಿಯಾದ ನೀರಿನಲ್ಲಿ ಸುಮಾರು ನೂರಕ್ಕೆ ಮೂವತ್ತು ಪಾಲು ಸಿಯೆರಾದ ಹಿಮದಿಂದಲೇ ಬರುತ್ತದೆ. ಮ್ಯಾಮತ್ ಕ್ರೀಕಿನ ನೀರು ಹಾಟ್ ಕ್ರೀಕಿಗೆ, ಅಲ್ಲಿಂದ ಓವೆನ್ಸ್ ನದಿಗೆ ಇಳಿದು, ಕ್ರೌಲಿ ಜಲಾಶಯವನ್ನು ಹಾದು, ಲಾಸ್ ಏಂಜಲೀಸಿನ ನಲ್ಲಿಗಳತ್ತ ಹೋಗುತ್ತದೆ. 2015ರ ಏಪ್ರಿಲ್ 1ರಂದು ರಾಜ್ಯದ ಹಿಮದಲ್ಲಿದ್ದ ನೀರು ಸರಾಸರಿಯ ನೂರಕ್ಕೆ ಐದೇ ಪಾಲು. ಹಿಮ ಅಳೆಯುವ ಜಾಗದಲ್ಲಿ ಗವರ್ನರ್ ಜೆರ್ರಿ ಬ್ರೌನ್ ಬರಿಯ ಹುಲ್ಲಿನ ಮೇಲೆ ನಿಂತು ನೀರಿನ ಕಡಿತ ಘೋಷಿಸಿದರು. 2023ರಲ್ಲಿ ಹಿಮದಲ್ಲಿದ್ದ ನೀರು ಸರಾಸರಿಯ ಎರಡು ಪಟ್ಟನ್ನೂ ಮೀರಿತು. 2013ರಿಂದ ವಿಮಾನದ ಲೇಸರಿನಿಂದ ಹಿಮದ ಆಳವನ್ನೂ ರೋಹಿತಮಾಪಕದಿಂದ ಅದು ಎಷ್ಟು ಬೆಳಕು ಹಿಂದಿರುಗಿಸುತ್ತದೆ ಎಂಬುದನ್ನೂ ಅಳೆಯುತ್ತಿದ್ದಾರೆ. ಎಷ್ಟು ನೀರಿದೆ ಎಂಬುದರ ಜೊತೆಗೆ ಯಾವಾಗ ಇಳಿಯುತ್ತದೆ ಎಂಬುದೂ ತಿಳಿಯಬೇಕಲ್ಲ.

ಆ ‘ಯಾವಾಗ’ ಎಂಬುದೇ ಈಗ ಸರಿಯುತ್ತಿದೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದಷ್ಟೂ, ಬೆಚ್ಚಗಾದ ಗಾಳಿ ತೇವ ಹೊತ್ತಷ್ಟೂ ರಾತ್ರಿಯ ಆಕಾಶ ಹಿಂದಿರುಗಿಸುವ ಶಾಖವೂ ಹೆಚ್ಚುತ್ತದೆ. ಹಿಮ ಅರೆಬರೆ ಹೆಪ್ಪುಗಟ್ಟಿದ ಮರುದಿನ ಕರಗುವಿಕೆ ಸೂರ್ಯೋದಯಕ್ಕೇ ಶುರು. ಜೂನಿನಲ್ಲಿ ಬರಬೇಕಾದ ನೀರು ಏಪ್ರಿಲಿನಲ್ಲೇ ಬಂದರೆ, ವಸಂತದ ಪ್ರವಾಹಕ್ಕೆಂದು ಜಲಾಶಯದಲ್ಲಿ ಜಾಗ ಖಾಲಿ ಇಟ್ಟುಕೊಳ್ಳಬೇಕಾದ ಅಣೆಕಟ್ಟೆಯವರು ಆ ನೀರನ್ನು ಹಿಡಿದಿಡಲಾಗದೆ ಹೊಳೆಗೆ ಬಿಡಬೇಕಾಗುತ್ತದೆ. ಹೊಲಗಳು ನೀರು ಕೇಳುವುದು ಜುಲೈ, ಆಗಸ್ಟಿನಲ್ಲಿ.